ಪಾಂಡಿಚೆರಿ ಮುತ್ತಜ್ಜನಿಗೆ ಫ್ರೆಂಚ್ ಸರ್‌ನೇಮ್ ಹೆಂಗ್ ಬಂತು?

ಮಂಡಕ್ಕಿ_ಮಿರ್ಚಿ (ದಾವಣಗೆರೆ):
ನಮಸ್ಕಾರ ಎಲ್ರಿಗೂ. ನಮ್ಮಮ್ಮನ ಅಜ್ಜ ಪಾಂಡಿಚೆರಿಯೋರು, ಅಲ್ಲಿ ಬಟ್ಟೆ ಮಿಲ್ಲಲ್ಲಿ ಫಿಟ್ಟರ್ ಆಗಿದ್ರಂತೆ, ಆಮೇಲೆ ಇಲ್ಲಿ ಕಾಟನ್ ಮಿಲ್ ಕೆಲ್ಸಕ್ಕೆ ಬಂದು ಇಲ್ಲೇ ಉಳ್ಕೊಂಡ್ರು. ಈಗ ಟ್ರಂಕಲ್ಲಿ ಅವ್ರ ಜನನ ಪತ್ರ ಸಿಕ್ಕಿದೆ, 1903ರದ್ದು, ಪೂರ್ತಿ ಫ್ರೆಂಚು, ನೀಲಿ ಇಂಕು ಅರ್ಧ ಅಳಿಸಿದೆ. ಅದ್ರಲ್ಲಿ ಅವ್ರಿಗೂ ಅವ್ರಪ್ಪನಿಗೂ ಅಪ್ಪಟ ಫ್ರೆಂಚ್ ಸರ್‌ನೇಮ್ ಇದೆ, ಆದ್ರೆ ಅದಕ್ಕೂ ಹಿಂದಿನೋರ ಹೆಸರು ಮುತ್ತು ಅಂತ ಅಜ್ಜಿ ಹೇಳ್ತಾರೆ. ಮಧ್ಯ ಯಾರಾದ್ರೂ ಫ್ರೆಂಚ್ ಸೋಲ್ಜರ್ ಬಂದಿದ್ನಾ? ನಮ್ಮ ಮಾವ ಆಗ್ಲೇ ಫ್ಯಾಮಿಲಿ ಗ್ರೂಪಲ್ಲಿ ನಾವು ಪ್ಯಾರಿಸ್‌ನೋರು ಅಂತ ಹಾಕಾಯ್ತು 😅

ಕೋಟೆ_ಹೈದ (ಚಿತ್ರದುರ್ಗ):
ಹೈದರಾಲಿ ಸೈನ್ಯದಲ್ಲಿ ಫ್ರೆಂಚರಿದ್ರಲ್ಲ, 1779ರಲ್ಲಿ ನಮ್ಮ ದುರ್ಗನೂ ತಗೊಂಡ, ಅವ್ರ ಕಡೆಯೋರೇ ಇರ್ಬೇಕು ಬಿಡಿ. ಇನ್ನೊಂದು, ಫ್ರೆಂಚರಲ್ಲಿ ಒಬ್ರಿಗೆ ಎರಡು ಸರ್‌ನೇಮ್ ಇರ್ತಿತ್ತು, ಅದನ್ನೂ ಚೆಕ್ ಮಾಡಿ.

ಹಳೇ_ಕಡತ:
ಕೋಟೆ ತಮ್ಮಾ, ಎರಡು ಸರ್‌ನೇಮ್ ಕಥೆ ಕೆನಡಾದ್ದು, ಕ್ವಿಬೆಕ್ ಕಡೆ ಸೋಲ್ಜರ್‌ಗಳ ಅಡ್ಡಹೆಸರು ಮನೆ ಹೆಸರಿಗೆ ಅಂಟ್ಕೊಂಡು ಮಕ್ಕಳಿಗೂ ಹೋಯ್ತು. ಅಲ್ಲೇ ಗಂಡು ಮಕ್ಕಳಿಗೆಲ್ಲ ಮೊದಲು ಜೋಸೆಫ್, ಹೆಣ್ಮಕ್ಕಳಿಗೆ ಮರಿ (Marie) ಅಂತ ಬ್ಯಾಪ್ಟಿಸಂನಲ್ಲಿ ಸೇರ್ಸೋದು, ಕರೆಯೋ ಹೆಸರು ಕೊನೇದು. ಅದನ್ನ ಪಾಂಡಿಚೆರಿಗೆ ಹಚ್ಚಿದ್ರೆ ದಾರಿ ತಪ್ತೀರಿ.
ಮಿರ್ಚಿ ಅವ್ರೇ, ನಿಮ್ದು ಬಹುಶಃ ಬೇರೆ ಕೇಸು. 1881ರ ಸೆಪ್ಟೆಂಬರ್ 21ರ ಒಂದು ಫ್ರೆಂಚ್ ಆಜ್ಞೆ ಪ್ರಕಾರ ಅಲ್ಲಿನ ಭಾರತೀಯರು ತಮ್ಮ ಜಾತಿ-ಧರ್ಮದ ಕಾನೂನು ಬಿಟ್ಟು ಫ್ರೆಂಚ್ ಸಿವಿಲ್ ಕೋಡ್ ಒಪ್ಕೋಬೋದಿತ್ತು, ಹಂಗೆ ಬಿಟ್ಟೋರಿಗೆ ರೆನೋನ್ಸಾಂ ಅಂತಾರೆ. ಒಂದ್ಸಲ ಬಿಟ್ರೆ ವಾಪಸ್ ಇಲ್ಲ, ಮತ್ತೆ ಹಂಗೆ ಬಿಡ್ತೀನಿ ಅಂತ ಬರೆಸೋ ಪತ್ರದಲ್ಲೇ ಒಂದು ಖಾಯಂ ಸರ್‌ನೇಮ್ ಬರೆಸ್ಬೇಕಿತ್ತು, ಬಹಳ ಜನ ಫ್ರೆಂಚ್ ಹೆಸರೇ ಆರಿಸ್ಕೊಂಡ್ರು. ಪೊನ್ನುತಂಬಿ ಪಿಳ್ಳೈ ಅಂತ ವಕೀಲರು, 1873ರಲ್ಲಿ ಕೋರ್ಟಿಗೆ ಬೂಟು ಹಾಕ್ಕೊಂಡು ಹೋಗಿದ್ದಕ್ಕೆ ತಗಾದೆ ಆಗಿ ಪ್ಯಾರಿಸ್ ತನಕ ಕೇಸ್ ಹೋಗಿತ್ತಲ್ಲ, ಅವ್ರೇ ಆಮೇಲೆ ಲಾಪೋರ್ತ್ ಆದ್ರು. ಅವ್ರ ಮೈಲಿ ಫ್ರೆಂಚ್ ರಕ್ತ ಎಲ್ಲಿಂದ ಬರ್ಬೇಕು? ಮಾವನಿಗೆ ಮೆತ್ತಗೆ ಹೇಳಿ 😄 ಅಣ್ಣ-ತಮ್ಮ ಬೇರೆ ಬೇರೆ ಬರೆಸಿದ್ರೆ ಅವ್ರ ಮಕ್ಕಳ ಸರ್‌ನೇಮೇ ಬೇರೆ ಆಗಿರೋ ಚಾನ್ಸೂ ಇದೆ.

ಮಂಡಕ್ಕಿ_ಮಿರ್ಚಿ:
ಅಯ್ಯೋ ಹಂಗಾ! ಆ ಪತ್ರ ಎಲ್ಲಿ ಹುಡುಕ್ಲಿ, ನಮಗೇನು ಹೆಳವರು ಬಂದು ವಂಶಾವಳಿ ಹೊತ್ತಿಗೆ ಓದ್ತಾರಾ.

ಹಳೇ_ಕಡತ:
ಹೆಳವರು ಬರಲ್ಲ, ಆದ್ರೆ ಫ್ರೆಂಚರು ಕಾಗದ ಇಡೋದ್ರಲ್ಲಿ ಗಟ್ಟಿ. 1776ರ ಆಜ್ಞೆ ಮೇಲೆ ಕಾಲೊನಿಯ ಜನನ-ಮದುವೆ-ಮರಣ ರಿಜಿಸ್ಟರಿನ ಒಂದು ಪ್ರತಿ ಫ್ರಾನ್ಸಿಗೆ ಹೋಗ್ಲೇಬೇಕಿತ್ತು, ಈಗ ಎಕ್ಸ್-ಆಂ-ಪ್ರೊವಾಂಸ್ ಊರಿನ ಆರ್ಕೈವ್ಸ್‌ನಲ್ಲಿವೆ, ಹಳೇವು ಸ್ಕ್ಯಾನ್ ಆಗಿ ನೆಟ್ಟಲ್ಲಿ ಫ್ರೀಯಾಗಿ ಸಿಗ್ತವೆ, ಹತ್ತು ವರ್ಷಕ್ಕೊಂದು ಇಂಡೆಕ್ಸ್ ಇರುತ್ತೆ ಅದರಿಂದ ಶುರು ಮಾಡಿ. ಮುತ್ತು ಅಂತ ಇಂಗ್ಲಿಷ್ ಥರ ಹುಡುಕ್ಬೇಡಿ, ಫ್ರೆಂಚರು ಉ ಸ್ವರಕ್ಕೆ ಓ-ಯು ಎರಡೂ ಅಕ್ಷರ ಹಾಕ್ತಾರೆ. ಮತ್ತೆ ಹೆಂಗಸರನ್ನ ಮದುವೆ ಆದ್ಮೇಲೂ ತವರು ಮನೆ ಹೆಸರಲ್ಲೇ ಬರೀತಾರೆ, ಸೋ ಮುತ್ತಜ್ಜಿ ಕಡೆದು ಹುಡುಕೋದು ಇನ್ನೂ ಸುಲಭ. ಜನನ ಪತ್ರದ ಮಾರ್ಜಿನಲ್ಲಿ ಸಣ್ಣಕ್ಷರದಲ್ಲಿ ಏನಾದ್ರೂ ಗೀಚಿದಾರಾ ನೋಡಿ, ಮದುವೆ ಆದ್ರೆ ಅಲ್ಲೇ ನೋಟ್ ಮಾಡೋ ಪದ್ಧತಿ ಇತ್ತು.

ಮಂಡಕ್ಕಿ_ಮಿರ್ಚಿ:
ಎಡಗಡೆ ಏನೋ ಎರಡು ಸಾಲು ಇದೆ ಅಕ್ಕಾ, ನಾನು ಕಲೆ ಅನ್ಕೊಂಡಿದ್ದೆ. ಬೆಳಿಗ್ಗೆ ಬಿಸಿಲಿಗೆ ಹಿಡಿದು ಫೋಟೋ ಹಾಕ್ತೀನಿ, ಹೆಸರುಗಳನ್ನ ಮುಚ್ಚಿ.

ಹಳೇ_ಕಡತ:
ಬಿಸಿಲಿಗೆ ಇಡ್ಬೇಡ ಮಾರಾಯ, ಉಳಿದಿರೋ ಇಂಕೂ ಹೋಗುತ್ತೆ. ಕಿಟಕಿ ಪಕ್ಕ ನೆರಳಲ್ಲಿ ತೆಗಿ.