ಬ್ಯಾಲೆನ್ಸ್ ಬೈಕ್ ಬಲ್ಲ ಮಗು ಪೆಡಲ್ ಸೈಕಲ್ ಮುಟ್ಟುತ್ತಿಲ್ಲ: 16 ಇಂಚಿನದು ತಪ್ಪು ಆಯ್ಕೆಯೇ?

ಮೊದಲಗಾಲಿ:
ನನ್ನ ಮಗ ಎರಡು ವರ್ಷ ತುಂಬುವ ಮೊದಲೇ ಬ್ಯಾಲೆನ್ಸ್ ಬೈಕ್ (ಪೆಡಲ್ ಇಲ್ಲದ, ಕಾಲಿನಿಂದ ದೂಡುವ ಪುಟ್ಟ ಸೈಕಲ್) ಹತ್ತಿದವನು. ಈಗ ಇಳಿಜಾರಿನಲ್ಲಿ ಎರಡೂ ಕಾಲೆತ್ತಿಕೊಂಡು ನಿರಾಯಾಸವಾಗಿ ಸಾಗುತ್ತಾನೆ. ಸಮತೋಲನ ಬಂದ ಮೇಲೆ ಪೆಡಲ್ ತುಳಿಯುವುದು ಒಂದು ದಿನದ ಮಾತು ಎಂದು ಎಲ್ಲರೂ ಹೇಳಿದ್ದನ್ನು ನಂಬಿ, ಬೆಳೆಯುವ ಮಗುವಲ್ಲವೇ ಎಂದು 16 ಇಂಚಿನ ಚಕ್ರದ ಸೈಕಲ್ ತಂದೆ. ಮೂರು ವಾರವಾಯಿತು. ಎರಡು ಹೆಜ್ಜೆ ದೂಡುತ್ತಾನೆ, ಪೆಡಲ್ ಮೇಲೆ ಕಾಲಿಡುತ್ತಾನೆ, ಸೈಕಲ್ ಗಕ್ಕನೆ ನಿಲ್ಲುತ್ತದೆ. ಅತ್ತು ಹಳೆಯದನ್ನೇ ಕೇಳುತ್ತಾನೆ. ಪಕ್ಕದ ಗಾಲಿ ಹಾಕಿಸಲೇ, ಇದನ್ನು ಹಿಂದಿರುಗಿಸಲೇ?

ಸರಪಳಿ:
ಸೈಕಲ್ಲಿನ ತೂಕವೆಷ್ಟು, ಮಗುವಿನ ತೂಕವೆಷ್ಟು? ಮಗುವಿನ ತೂಕದ ಶೇ. 40ನ್ನು ಮೀರಿದ ಸೈಕಲ್ಲನ್ನು ಮೊದಲ ಸೈಕಲ್ಲಾಗಿ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲಗಾಲಿ:
ಮಗು 14 ಕೆ.ಜಿ., ಸೈಕಲ್ 9 ಕೆ.ಜಿ. ಬ್ಯಾಲೆನ್ಸ್ ಬೈಕ್ 3.5 ಕೆ.ಜಿ. ಇತ್ತು.

ಸರಪಳಿ:
ಸಮಸ್ಯೆ ಇದೇ. ಎಪ್ಪತ್ತು ಕೆ.ಜಿ. ತೂಗುವ ನಿಮಗೆ ನಲವತ್ತೈದು ಕೆ.ಜಿ.ಯ ಸೈಕಲ್ ಕೊಟ್ಟರೆ ತುಳಿಯುತ್ತೀರಾ? ನನ್ನ ಮಗಳಿಗೆ ನಾನೇ ಬಿಡಿಭಾಗ ಆಯ್ದು ಜೋಡಿಸಿದ 14 ಇಂಚಿನ ಅಲ್ಯೂಮಿನಿಯಂ ಸೈಕಲ್ 5.3 ಕೆ.ಜಿ. ಇದೆ; ಸ್ಟ್ಯಾಂಡು, ಬುಟ್ಟಿ, ಚೈನ್ ಕವರ್ ಯಾವುದೂ ಇಲ್ಲ.

ಹದಿನೈದರ ಸ್ಪ್ಯಾನರ್:
ತೂಕಕ್ಕಿಂತ ಮೊದಲು ಕೇಳಬೇಕಾದದ್ದು ಒಳಕಾಲಿನ ಅಳತೆ, ಅಂದರೆ ತೊಡೆಸಂದಿಯಿಂದ ನೆಲದವರೆಗಿನ ಎತ್ತರ. ಚಕ್ರದ ಇಂಚು ನೋಡಿ ಸೈಕಲ್ ಕೊಳ್ಳುವುದು ಪೆಟ್ಟಿಗೆ ನೋಡಿ ಚಪ್ಪಲಿ ಕೊಂಡಂತೆ. ಸೀಟನ್ನು ಪೂರ್ತಿ ಇಳಿಸಿ ನೆಲದಿಂದ ಅಳೆಯಿರಿ. ಮೊದಲ ದಿನಗಳಲ್ಲಿ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವಂತಿರಬೇಕು. ಪಕ್ಕದ ಗಾಲಿಯಂತೂ ಬೇಡ, ಬಂದಿರುವ ಸಮತೋಲನವನ್ನೂ ಅದು ಮರೆಸುತ್ತದೆ. ಸದ್ಯಕ್ಕೆ ಪೆಡಲ್‌ಗಳನ್ನು ಬಿಚ್ಚಿ, ಇದನ್ನೇ ದೊಡ್ಡ ಬ್ಯಾಲೆನ್ಸ್ ಬೈಕಿನಂತೆ ಓಡಿಸಲು ಬಿಡಿ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ.

ಸರಪಳಿ:
ಮಕ್ಕಳ ಸೈಕಲ್ಲಿನ ಒಂದೇ ತುಂಡಿನ ಕ್ರ್ಯಾಂಕ್‌ನಲ್ಲಿ (ಪೆಡಲ್ ಕೂರುವ ತೋಳು) ಬಿಚ್ಚುವಾಗ ಎರಡೂ ಪೆಡಲ್ ಒಂದೇ ದಿಕ್ಕಿಗೆ ತಿರುಗುತ್ತವೆ.

ಹದಿನೈದರ ಸ್ಪ್ಯಾನರ್:
ಇಲ್ಲ. ಅಲ್ಲಿ ಪೆಡಲ್ ಥ್ರೆಡ್‌ನ ಅಡ್ಡಳತೆ 9/16 ಇಂಚಿನ ಬದಲು 1/2 ಇಂಚು ಇರುತ್ತದೆ, ಅಷ್ಟೇ. ಎಡಗಡೆಯದು ಅಲ್ಲಿಯೂ ಉಲ್ಟಾ. ನಿಮ್ಮ ಮಾತು ಕೇಳಿ ಬಲವಂತವಾಗಿ ತಿರುಗಿಸಿದವರ ಥ್ರೆಡ್ ಸವೆದರೆ ಹೊಣೆ ಯಾರು?

ಮೊದಲಗಾಲಿ:
ದಯವಿಟ್ಟು ಜಗಳ ಬೇಡ. ಒಳಕಾಲು 43 ಸೆಂ.ಮೀ., ಸೀಟು ಪೂರ್ತಿ ಇಳಿಸಿದರೂ 47 ಸೆಂ.ಮೀ. ಪೆಡಲ್ ಬಿಚ್ಚಿದೆ. ಆದರೆ ಈಗ ಅವನಿಗೆ ಬ್ರೇಕ್ ಹಾಕಲು ಬರುತ್ತಿಲ್ಲ.

ಚಿಕ್ಕಚಕ್ರ:
ಬ್ರೇಕ್ ಹಾಕಲು ಬರುತ್ತಿಲ್ಲ ಎಂದರೇನು? ಹ್ಯಾಂಡಲ್‌ನಲ್ಲಿ ಬ್ರೇಕ್ ಇಲ್ಲವೇ?

ಮೊದಲಗಾಲಿ:
ಇಲ್ಲ. ಹಿಂದಕ್ಕೆ ತುಳಿದರೆ ನಿಲ್ಲುವ ಬ್ರೇಕ್. ಚಿಕ್ಕ ಸೈಕಲ್‌ಗಳೆಲ್ಲ ಹಾಗೆಯೇ ಇರುತ್ತವೆಂದುಕೊಂಡು ಅದನ್ನು ಹೇಳಲಿಲ್ಲ.

ಚಿಕ್ಕಚಕ್ರ:
ಮೊದಲ ಬರಹದಲ್ಲೇ "ಗಕ್ಕನೆ ನಿಲ್ಲುತ್ತದೆ" ಎಂದು ನೀವು ಬರೆದದ್ದನ್ನು ನಾವ್ಯಾರೂ ಸರಿಯಾಗಿ ಓದಲಿಲ್ಲ. ಬ್ಯಾಲೆನ್ಸ್ ಬೈಕ್‌ನಿಂದ ಬಂದ ಮಗು ಕಾಲಿನಿಂದ ದೂಡಿ ವೇಗ ಪಡೆದು, ಆಮೇಲೆ ಪೆಡಲ್ ಹುಡುಕುತ್ತದೆ. ಹುಡುಕುವಾಗ ಪಾದ ಸಹಜವಾಗಿ ಹಿಂದಕ್ಕೆ ಒತ್ತುತ್ತದೆ, ಈ ಹಿಂದಕ್ಕೆ ತುಳಿಯುವ ಕೋಸ್ಟರ್ ಬ್ರೇಕ್ ತಕ್ಷಣ ಹಿಡಿಯುತ್ತದೆ. ನಿಂತ ಸೈಕಲ್ಲಿನಲ್ಲಿ ಪೆಡಲನ್ನು ಹಿಂದಕ್ಕೆ ತಿರುಗಿಸಿ ಮೇಲೆ ತಂದುಕೊಳ್ಳುವುದೂ ಸಾಧ್ಯವಿಲ್ಲ. ಫ್ರೀವೀಲ್ (ಹಿಂದಕ್ಕೆ ತುಳಿದರೂ ಪೆಡಲ್ ಸುಮ್ಮನೆ ತಿರುಗುವ ವ್ಯವಸ್ಥೆ) ಮತ್ತು ಕೈಬ್ರೇಕ್ ಇರುವ ಸೈಕಲ್ಲಿನಲ್ಲಿ ಈ ತೊಂದರೆಯೇ ಬರುವುದಿಲ್ಲ. ಇನ್ನೊಂದು ಮಾತು: ಈ ಸೈಕಲ್ಲಿನಲ್ಲಿ ಪೆಡಲ್ ಬಿಚ್ಚಿದರೆ ಬ್ರೇಕ್ ಕೂಡ ಬಿಚ್ಚಿದಂತೆಯೇ, ಇಳಿಜಾರಿಗೆ ಬಿಡಬೇಡಿ.

ಹದಿನೈದರ ಸ್ಪ್ಯಾನರ್:
ಒಪ್ಪುತ್ತೇನೆ, ಪೆಡಲ್ ಬಿಚ್ಚಿ ಎನ್ನುವ ಮೊದಲು ನಾನು ಬ್ರೇಕ್ ಬಗ್ಗೆ ಕೇಳಬೇಕಿತ್ತು. ಹಿಂದಿರುಗಿಸುವ ಅವಕಾಶವಿದ್ದರೆ ಹಿಂದಿರುಗಿಸಿ, ಸೀಟು 43 ಸೆಂ.ಮೀ.ಗೆ ಅಥವಾ ಅದಕ್ಕಿಂತ ಕೆಳಗೆ ಇಳಿಯುವ 14 ಇಂಚಿನದನ್ನು ನೋಡಿ. ಬ್ರೇಕ್ ಲಿವರ್ ಅವನ ಬೆರಳಿಗೆ ಎಟುಕಿ, ಒತ್ತಿದಾಗ ಹಿಡಿಯುತ್ತದೆಯೇ ಎಂಬುದನ್ನು ಮಗುವಿನ ಕೈಯಲ್ಲೇ ಪರೀಕ್ಷಿಸಿ, ನಿಮ್ಮ ಕೈಯಲ್ಲಲ್ಲ.

ಮೊದಲಗಾಲಿ:
14 ಇಂಚಿನದು ಬಂದಿದೆ, ಪಾದ ಪೂರ್ತಿ ಊರುತ್ತದೆ, ನಿನ್ನೆ ಸಂಜೆ ಏಳೆಂಟು ಸುತ್ತು ತುಳಿದ. ಲಿವರ್ ಮಾತ್ರ ದೂರವಿದೆ. ಅದನ್ನು ಹತ್ತಿರ ತರುವ ಸ್ಕ್ರೂ ಎಲ್ಲಿರುತ್ತದೆ?

ಸರಪಳಿ:
ಹೊಸದರ ತೂಕ ತಿಳಿಸಲಿಲ್ಲ.