ಐಸ್ ಪ್ಲಾಂಟಿನ ಅಮೋನಿಯಾ ಸೋರಿಕೆಗೆ ಎರಡು ಗಂಟೆಯ ಟೇಬಲ್‌ಟಾಪ್: ಹೇಗೆ ಮಾಡೋದು?

ಬಂದರುಬದಿ:
ಮಲ್ಪೆ ಕಡೆಯ ಐಸ್ ಪ್ಲಾಂಟು, ಜೊತೆಗೆ ಮೀನಿನ ಕೋಲ್ಡ್ ಸ್ಟೋರೇಜ್. ರಾತ್ರಿ ಪಾಳಿಗೆ ಏಳೇ ಜನ. ಮಾಕ್ ಡ್ರಿಲ್ ಅಂದ್ರೆ ಸೈರನ್ ಹೊಡೆದು ಗೇಟಿನ ಹತ್ತಿರ ನಿಂತು ಫೋಟೊ ತೆಗೆಸಿಕೊಳ್ಳೋದು, ಅಷ್ಟೇ. ಮೇಜಿನ ಸುತ್ತ ಕೂತು ಸರಿಯಾಗಿ ಚರ್ಚಿಸೋಣ ಅಂತಿದ್ದೇವೆ. ಎಷ್ಟು ಜನ ಬೇಕು, ಸನ್ನಿವೇಶ ಹೇಗೆ ಬರೆಯೋದು? ತುರ್ತು ಪ್ಲಾನ್ ಓದಿ ಹೇಳಿದ್ರೆ ಸಾಲದಾ?

ಪಾಳಿಪುಸ್ತಕ:
ಸಾಲದು. ಓದಿದರೆ ಎಲ್ಲರೂ ತಲೆಯಾಡಿಸಿ ಎದ್ದು ಹೋಗುತ್ತಾರೆ. ಯಾವ ನಿಮಿಷದಲ್ಲಿ, ಯಾರು, ಮೇಲಿನವರನ್ನು ಕೇಳದೆ ಏನು ತೀರ್ಮಾನಿಸಬಹುದು ಅನ್ನೋದು ಹೊರಬರಬೇಕು.

ಎಂಟರಿಂದ ಹನ್ನೆರಡು ಜನ ಸಾಕು. ರಾತ್ರಿ ಆಪರೇಟರ್ ಮತ್ತು ಗೇಟಿನ ಸೆಕ್ಯುರಿಟಿ ಇಲ್ಲದಿದ್ದರೆ ಮಾಡಲೇಬೇಡಿ. ಮೊದಲ ಹತ್ತು ನಿಮಿಷ ಅವರದ್ದೇ. ನಡೆಸುವವರು ಒಬ್ಬರು, ಬರೆದುಕೊಳ್ಳುವವರು ಇನ್ನೊಬ್ಬರು. ನಡೆಸುವವರೇ ಬರೆಯೋಕೆ ಹೋದರೆ ಎರಡೂ ಕೆಡುತ್ತದೆ. ನಿಯಮ ಹೇಳಲು 10 ನಿಮಿಷ, ಆಟಕ್ಕೆ 75, ಕೊನೆಯ 35 ಅವಲೋಕನಕ್ಕೆ. ಈ 35 ನಿಮಿಷವನ್ನು ಊಟ ನುಂಗದಂತೆ ನೋಡಿಕೊಳ್ಳಿ.

ಸನ್ನಿವೇಶವನ್ನು ಒಂದೇ ಸಲ ಹೇಳಬೇಡಿ, ಚೀಟಿ ಚೀಟಿಯಾಗಿ ಕೊಡಿ:

ರಾತ್ರಿ 2:10 – ಕಂಪ್ರೆಸರ್ ರೂಮಿನ ಡಿಟೆಕ್ಟರಿನಲ್ಲಿ ಅಮೋನಿಯಾ 60 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 60 ಪಾಲು). ಒಳಗೆ ಆಪರೇಟರ್ ಒಬ್ಬನೇ.
2:16 – ರಿಸೀವರಿನ (ದ್ರವ ಅಮೋನಿಯಾ ತುಂಬಿರುವ ಟ್ಯಾಂಕು) ಮಟ್ಟ ತೋರಿಸುವ ಗೇಜ್ ಗ್ಲಾಸ್ ಒಡೆದು ದ್ರವ ಚಿಮ್ಮುತ್ತಿದೆ. ಬಾಗಿಲಲ್ಲೇ 350 ಪಿಪಿಎಂ.
2:20 – ಸೂಪರ್‌ವೈಸರ್ ಫೋನ್ ಎತ್ತುತ್ತಿಲ್ಲ.
2:26 – ತಲೆ ಎಣಿಸಿದರೆ ಒಬ್ಬ ಕಮ್ಮಿ.
2:35 – ಕೆಮ್ಮುತ್ತಾ ಬೋಟಿನವರು ಗೇಟಿಗೆ ಬಂದಿದ್ದಾರೆ, ವಾಟ್ಸಾಪಿನಲ್ಲಿ ವಿಡಿಯೊ ಓಡುತ್ತಿದೆ.
2:50 – ಅಗ್ನಿಶಾಮಕದವರು ಬಂದು ಕೇಳುತ್ತಾರೆ: ಒಳಗೆ ಎಷ್ಟು ಕೆ.ಜಿ. ಇದೆ, ಯಾವ ವಾಲ್ವ್ ಮುಚ್ಚಿದ್ದೀರಿ?

ನಿರೀಕ್ಷಿತ ತೀರ್ಮಾನವನ್ನು ಪ್ರತಿ ಚೀಟಿಯ ಹಿಂದೆ ನಿಮಗಾಗಿ ಬರೆದಿಟ್ಟುಕೊಳ್ಳಿ. ಯಾರಾದರೂ "ಫೈರಿನವರಿಗೆ ತಿಳಿಸ್ತೇವೆ" ಅಂದರೆ ಬಿಡಬೇಡಿ. ಯಾರು? ಯಾವ ಫೋನಿಂದ? 112ಕ್ಕೆ ಏನಂತ ಹೇಳ್ತೀರಿ, ಆ ವಾಕ್ಯವನ್ನು ಈಗಲೇ ಹೇಳಿ. ಅರ್ಧ ಜನ ಇಲ್ಲೇ ತಡವರಿಸುತ್ತಾರೆ.

ಶೀತಲಯಂತ್ರ:
ಚೀಟಿ ಚೆನ್ನಾಗಿವೆ, ಆದರೆ ತಾಂತ್ರಿಕ ಗಂಟುಗಳನ್ನು ಬಿಟ್ಟರೆ ಚರ್ಚೆ ತೆಳುವಾಗುತ್ತದೆ.

ಗಾಳಿ: ಕರಾವಳಿಯಲ್ಲಿ ಹಗಲು ಕಡಲಿಂದ ನೆಲಕ್ಕೆ, ರಾತ್ರಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ. ಹಗಲಿನ ಡ್ರಿಲ್ಲಿಗೆಂದು ಪಶ್ಚಿಮದಲ್ಲಿಟ್ಟ ಅಸೆಂಬ್ಲಿ ಪಾಯಿಂಟು (ಎಲ್ಲರೂ ಹೊರಬಂದು ಸೇರುವ ಜಾಗ) ರಾತ್ರಿ ಎರಡಕ್ಕೆ ಅನಿಲದ ದಾರಿಯಲ್ಲೇ ಇರುತ್ತದೆ. ಗಾಳಿಯ ದಿಕ್ಕು ತೋರಿಸುವ ವಿಂಡ್ ಸಾಕ್ ಕತ್ತಲಲ್ಲಿ ಕಾಣುತ್ತದಾ ಅಂತಲೂ ಕೇಳಿ. ಅಮೋನಿಯಾ ಗಾಳಿಗಿಂತ ಹಗುರ ಎಂದು ಯಾರಾದರೂ ವಾದಿಸುತ್ತಾರೆ. ಆದರೆ ದ್ರವ ಚಿಮ್ಮಿದಾಗ ಏಳುವ ತಣ್ಣನೆಯ ಮಂಜು ನೆಲ ಹಿಡಿದೇ ಹರಿಯುತ್ತದೆ.

ನೀರು: ಆವಿಯ ಮೇಲೆ ಸ್ಪ್ರೇ ಸರಿ. ನೆಲದಲ್ಲಿ ನಿಂತ ದ್ರವಕ್ಕೆ ಹೊಡೆಯಬಾರದು. ಅದರ ಕುದಿಬಿಂದು ಮೈನಸ್ 33 ಡಿಗ್ರಿ, ನೀರಿನ ಬಿಸಿಗೇ ಇನ್ನಷ್ಟು ಆವಿ ಏಳುತ್ತದೆ. ಹರಿದ ನೀರು ಚರಂಡಿಯಿಂದ ಬಂದರಿಗೆ ಸೇರಿದರೆ ಮೀನು ಸಾಯುತ್ತವೆ.

ಕರೆಂಟು: ಗಾಳಿಯಲ್ಲಿ ಸುಮಾರು 15ರಿಂದ 28 ಶೇಕಡಾ ಆದರೆ ಹೊತ್ತಿಕೊಳ್ಳುತ್ತದೆ. ಮೇನ್ಸ್ ತೆಗೆದರೆ ಎಕ್ಸಾಸ್ಟ್ ಫ್ಯಾನೂ ನಿಲ್ಲುತ್ತದೆ. ಫ್ಯಾನಿನ ಸ್ವಿಚ್ ರೂಮಿನ ಹೊರಗೆ, ಬೇರೆ ಲೈನಿನಲ್ಲಿ ಇದೆಯಾ?

2:26ರ ಚೀಟಿಗೆ ಇಪ್ಪತ್ತು ನಿಮಿಷ ಕೊಟ್ಟರೂ ಕಮ್ಮಿಯೇ. 300 ಪಿಪಿಎಂ ದಾಟಿದರೆ ಜೀವಕ್ಕೇ ಅಪಾಯ. ಗಾಳಿ ಸೋಸುವ ಕ್ಯಾನಿಸ್ಟರ್ ಮಾಸ್ಕ್ ನಂಬಿ ಒಳಗೆ ಹೋಗುವಂತಿಲ್ಲ, ಎಸ್‌ಸಿಬಿಎ (ಬೆನ್ನಿನ ಸಿಲಿಂಡರಿನಿಂದ ಉಸಿರಾಡುವ ಸೆಟ್ಟು) ಬೇಕು. ಇಬ್ಬರು ಒಳಗೆ, ಸಜ್ಜಾಗಿ ಇಬ್ಬರು ಹೊರಗೆ. ಏಳು ಜನರಲ್ಲಿ ಒಬ್ಬ ಕಾಣೆ, ಒಬ್ಬ ಗೇಟಿನಲ್ಲಿ, ಒಬ್ಬ ಫೋನಿನಲ್ಲಿ. ಉಳಿದ ನಾಲ್ವರಲ್ಲಿ ಎಸ್‌ಸಿಬಿಎ ತೊಡಲು ಬರುವವರೆಷ್ಟು? ಸೆಟ್ಟುಗಳನ್ನು ಕಂಪ್ರೆಸರ್ ರೂಮಿನೊಳಗೇ ಇಟ್ಟಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ಬಂದರುಬದಿ:
ಅಸೆಂಬ್ಲಿ ಪಾಯಿಂಟ್ ಪಶ್ಚಿಮದಲ್ಲೇ ಇದೆ! ಇನ್ನೊಂದು: ಮಾಲೀಕರೂ ಕೂರ್ತೇನೆ ಅಂತಾರೆ. ಹುಡುಗರಲ್ಲಿ ಕೆಲವರಿಗೆ ತುಳು, ಕೆಲವರಿಗೆ ಒಡಿಯಾ ಮಾತ್ರ.

ಕಡತಗಾರ್ತಿ:
ಮಾಲೀಕರು ಬರಲಿ, ಆದರೆ ಅವರ ಮಾತು 2:35ರ ಚೀಟಿಯ ಮೇಲೆಯೇ ಶುರುವಾಗಲಿ, ಆ ಹೊತ್ತಿಗೆ ತಾನೇ ಅವರಿಗೆ ಫೋನ್ ಹೋಗೋದು. ಮೊದಲೇ ಬಾಯಿ ಬಿಟ್ಟರೆ ಉಳಿದವರೆಲ್ಲ "ಧಣಿ ಹೇಳಿದಂಗೆ" ಅಂತಾರೆ. ಚೀಟಿಯನ್ನು ಜೋರಾಗಿ ಓದಿ, ತುಳು–ಹಿಂದಿ ಎರಡೂ ಬಲ್ಲ ಒಬ್ಬರನ್ನೂ ಒಡಿಯಾ ಹುಡುಗರಲ್ಲಿ ಹಿಂದಿ ಬರುವವರೊಬ್ಬರನ್ನೂ ಕೂರಿಸಿಕೊಳ್ಳಿ. ಪ್ಲಾಂಟಿನ ನಕ್ಷೆ ಮೇಜಿನ ಮೇಲಿರಲಿ. ಬೆರಳಿಟ್ಟು ತೋರಿಸಿದರೆ ಭಾಷೆಯ ತೊಡಕು ಅರ್ಧ ಕಳೆಯುತ್ತದೆ.

ರಾತ್ರಿಯ ಸನ್ನಿವೇಶ ಬಿಡಬೇಡಿ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದ್ದೂ ನಸುಕಿನಲ್ಲೇ, ಊರು ಮಲಗಿದ್ದಾಗ.

ಇದನ್ನು ಮಾಕ್ ಡ್ರಿಲ್ ಲೆಕ್ಕಕ್ಕೆ ತೋರಿಸಬೇಡಿ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲಿ ಆರು ತಿಂಗಳಿಗೊಮ್ಮೆ ಅಂತಿರೋದು ಮಾಕ್ ಡ್ರಿಲ್ಲಿಗೆ. ನಿಮ್ಮ ಅಮೋನಿಯಾ ದಾಸ್ತಾನು ಆ ನಿಯಮಗಳ ಮಿತಿಗೆ ಬರುತ್ತದಾ ಅಂತ ಕಾರ್ಖಾನೆಗಳ ಇಲಾಖೆಯಲ್ಲಿ ಕೇಳಿ.

ವರದಿ ಎರಡು ಪುಟ ಮೀರದಿರಲಿ. "ಸಂವಹನ ಸುಧಾರಿಸಬೇಕು" ಅಂತ ಬರೆದರೆ ಯಾರೂ ಏನೂ ಮಾಡಲ್ಲ. "ಎಸ್‌ಸಿಬಿಎ ಸೆಟ್ ಎರಡನ್ನೂ ಗೇಟಿನ ಕೋಣೆಗೆ ಸಾಗಿಸುವುದು, ಮೇಂಟೆನೆನ್ಸ್, ಈ ಶನಿವಾರದೊಳಗೆ" ಅಂತ ಬರೆಯಿರಿ. ಮುಂದಿನ ಮಾಕ್ ಡ್ರಿಲ್ಲನ್ನು ರಾತ್ರಿ ಪಾಳಿಯಲ್ಲೇ ಇಟ್ಟು, ಆ ಸಾಲುಗಳನ್ನೇ ಒಂದೊಂದಾಗಿ ಪರೀಕ್ಷಿಸಿ.