ಅಪ್‌ಡೇಟ್: ತಮ್ಮನ ಬೆಟ್ಟಿಂಗ್ ಸಾಲವನ್ನು ಮನೆಯವರು ತೀರಿಸಬೇಕೇ?

ಎಂಜಿನಿಯರಿಂಗ್ ಓದುತ್ತಿರುವ ತಮ್ಮ ಐಪಿಎಲ್ ಬೆಟ್ಟಿಂಗ್‌ನಲ್ಲಿ ಹಾಸ್ಟೆಲ್ ಶುಲ್ಕವನ್ನೂ ಕಳೆದುಕೊಂಡು ಸಾಲದ ಆ್ಯಪ್‌ಗಳಿಗೆ ಸಿಕ್ಕಿಬಿದ್ದಿದ್ದಾನೆ, ಅಪ್ಪ ಜಮೀನು ಅಡವಿಡಲು ಹೊರಟಿದ್ದಾರೆ, ಏನು ಮಾಡಲಿ ಎಂದು ಕೇಳಿದ್ದೆ. ‘ಅವನ ಕೈಗೆ ದುಡ್ಡು ಕೊಡಬೇಡಿ, ಮೊದಲು ನಿಮ್ಹಾನ್ಸ್‌ಗೆ ಕರೆದೊಯ್ಯಿರಿ’ ಎಂದು ಬರೆದವರಿಗೆಲ್ಲ ನಾನು ಋಣಿ.

ಜಮೀನು ಉಳಿಯಿತು. ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದೆವು. ಆಮೇಲೆ ತಮ್ಮನೇ ನಿಮ್ಹಾನ್ಸ್‌ಗೆ ಬರಲು ಒಪ್ಪಿದ. ಆಪ್ತಸಮಾಲೋಚಕರು ಬ್ಯಾಂಕ್ ಸ್ಟೇಟ್‌ಮೆಂಟ್ ತರಲು ಹೇಳಿದ್ದರು. ಅದನ್ನು ಹರಡಿಕೊಂಡು ಕೂತಾಗ ಎದೆ ಝಲ್ಲೆಂದಿತು. ರಾತ್ರಿ ಒಂದೂವರೆಗೆ 200 ರೂಪಾಯಿ, ಐದು ನಿಮಿಷಕ್ಕೆ 500, ಮತ್ತೆ 1,000. ಸೋತಷ್ಟೂ ಮೊತ್ತ ಏರಿದೆ. ಬೆಳಗಾದರೆ ಇಂಟರ್ನಲ್ಸ್ ಪರೀಕ್ಷೆ ಇತ್ತು! ಇದನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಹೋದದ್ದನ್ನು ಅದೇ ರಾತ್ರಿ ಹಿಂಪಡೆಯುವ ಹಠ ಅದು, ಬೈದರೆ ಬಿಟ್ಟುಹೋಗುವಂಥದ್ದಲ್ಲ.

ಕಾನೂನಿನ ಬಗ್ಗೆ ಕೆಲವರು ಕೇಳಿದ್ದಿರಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅದರಡಿ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ನೀಡುವವರಿಗೆ; ಆಡಿದವರಿಗಲ್ಲ. ಇದು ತಿಳಿದ ಮೇಲೆಯೇ ನನ್ನ ತಮ್ಮ ಉಳಿದ ಸಾಲಗಳ ಬಗ್ಗೆಯೂ ಬಾಯಿಬಿಟ್ಟದ್ದು. ಪೊಲೀಸರ ಭಯದಿಂದ ಎಲ್ಲವನ್ನೂ ಮುಚ್ಚಿಡುತ್ತಿರುವ ಹುಡುಗರಿಗೆ ದಯವಿಟ್ಟು ಇದನ್ನು ತಿಳಿಸಿ.

ಅವನ ಖಾತೆಯ ಯುಪಿಐ ತೆಗೆಸಿದ್ದೇವೆ, ಅವನೇ ಕೇಳಿಕೊಂಡದ್ದು. ನಾಲ್ಕು ವಿಷಯಗಳಲ್ಲಿ ಪಾಸಾಗುವುದು ಬಾಕಿ ಇದೆ. ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟಿದ್ದಾನೆ.